ಹಸಿ ರಾಗಿ, ಬೆಂದ ಮುದ್ದೆ

ನಮ್ಮೂರಲ್ಲಿ ಬೆಳೆದದ್ದನ್ನು ನಮ್ಮ ಮನೆಯಲ್ಲೇ ಬೇಯಿಸಿ ಉಣ್ಣಬೇಕು ಅನ್ನೋ ಮಾತು ಈಗ ಎಲ್ಲ ಕಡೆ ಕೇಳುತ್ತಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದು ಸಾರಿದ ಮೇಲಂತೂ ಪಟ್ಟಣದ ದೊಡ್ಡ ಹೋಟೆಲುಗಳಲ್ಲೂ ಮುದ್ದೆಗೆ ಮರ್ಯಾದೆ ಬಂತು. ಬರಲಿ, ಸಂತೋಷ. ಆದರೆ ಗೆಳೆಯರೇ, ಈ 'ನಮ್ಮೂರು' ಅನ್ನೋದರಲ್ಲಿ ಕೇರಿ ಸೇರಿದೆಯೋ ಇಲ್ಲವೋ?

ಹಳೇ ಮೈಸೂರು ಸೀಮೆಯ ಒಂದು ರಾಗಿ ಹೊಲ ನೋಡಿ. ಬಿತ್ತುವಾಗ, ಕಳೆ ಕೀಳುವಾಗ, ಕುಯ್ಯುವಾಗ, ಕಣದಲ್ಲಿ ಬಡಿದು ತೂರುವಾಗ ನಮ್ಮ ಜನರ ಕೈ ಅದರ ಮೇಲಿತ್ತು. ಆಗ ಹಗೇವಿಗೆ ಇಳಿದು ಕತ್ತಲಲ್ಲಿ ರಾಗಿ ಮೊಗೆದುಕೊಟ್ಟವನೂ ನಮ್ಮವನೇ. ಅಲ್ಲಿಯವರೆಗೂ ಮೈಲಿಗೆ ಇಲ್ಲ. ಅದೇ ರಾಗಿ ಹಿಟ್ಟಾಗಿ, ಅದಕ್ಕೆ ನೀರು ಬಿದ್ದು, ಒಲೆ ಮೇಲೆ ಬೆಂದಿತೋ, ಆಗ ಆ ಕೈ ಹೊಲೆ! ಹಸಿ ಕಾಳಿಗೆ ಇಲ್ಲದ ಜಾತಿ ಬೆಂದ ಮುದ್ದೆಗೆ ಎಲ್ಲಿಂದ ಬಂತು? ಕಾಳಿಗೂ ಜಾತಿ ಹಚ್ಚಿದರೆ ಧಣಿಯೇ ಹೊಲಕ್ಕೆ ಇಳಿಯಬೇಕಾಗುತ್ತಿತ್ತು. ಇದು ಶಾಸ್ತ್ರ ಅಲ್ಲ, ಲೆಕ್ಕಾಚಾರ.

ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ. ಆರು ತಿಂಗಳು ಸೆರೆಯಲ್ಲಿಟ್ಟ ಮೇಲೆ ಗಟ್ಟಿಯಾಗಿ ಉಳಿದ ರಾಗಿ ಗೆದ್ದಿತು. ಕಾಳಿನ ಮಾನ ಅವತ್ತೇ ತೀರ್ಮಾನವಾಯಿತು. ಅದನ್ನು ಬೇಯಿಸೋ ಕೈಯ ವ್ಯಾಜ್ಯ ಇನ್ನೂ ನಡೀತಿದೆ. ಅಂದಹಾಗೆ, ಈ 'ಅಪ್ಪಟ ದೇಸಿ' ರಾಗಿಯ ತವರು ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಬಂದ ಕಾಳು ಊರಿನದಾಯಿತು.

ಇನ್ನು ಮನೆ ಅಡುಗೆ. ಕಳೆ ಕೀಳಲು ಹೋದ ಹೆಂಗಸರು ಅಣ್ಣೆ, ಹೊನಗೊನ್ನೆ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಮಡಿಲಿಗೆ ಹಾಕಿಕೊಂಡು ಬಂದು ಬೆರಕೆ ಸೊಪ್ಪಿನ ಸಾರು ಮಾಡ್ತಾರೆ. ಹೊಲದವನಿಗೆ ಅದು ಕಳೆ, ಇವರಿಗೆ ರಾತ್ರಿ ಊಟ. ಕಳೆನಾಶಕ ಹೊಡೆದ ಹೊಲದಲ್ಲಿ ಕೂಲಿಯೂ ಹೋಯಿತು, ಸೊಪ್ಪೂ ಹೋಯಿತು. ಪಟ್ಟಣದಲ್ಲಿ ಅದೇ ಸೊಪ್ಪು ಕಟ್ಟುಕಟ್ಟಾಗಿ ಮಾರಾಟಕ್ಕಿದೆ. ಹೊತ್ತು ಮುಳುಗೋವರೆಗೆ ದುಡಿದು ಬಂದವಳಿಗೆ, ಸೌದೆ ಹೊಂದಿಸಿ ಎಸರಿಡೋ ಮೊದಲೇ, 'ಮನೆ ಅಡುಗೆಯೇ ಶ್ರೇಷ್ಠ' ಅಂತ ಉಪದೇಶ ಮಾಡುವವರು ಒಂದು ದಿನ ಅವಳ ಒಲೆ ಊದಿ ನೋಡಲಿ.

2013ರಲ್ಲಿ ಅನ್ನಭಾಗ್ಯದ ಅಕ್ಕಿ ಬಂದಾಗ 'ಕೂಲಿಯವರು ಸೋಮಾರಿಗಳಾದರು' ಅಂತ ಗೊಣಗಿದವರು ಯಾರು? ದೂರದ ಅಕ್ಕಿ, ನಿಜ. ನಮ್ಮ ರಾಗಿ, ಜೋಳಕ್ಕೆ ಅದರಿಂದ ಪೆಟ್ಟು ಬಿದ್ದಿದ್ದರೆ ಆ ಮಾತೂ ಆಡೋಣ, ಪಡಿತರದಲ್ಲಿ ರಾಗಿ ಜೋಳವನ್ನೇ ಕೇಳೋಣ. ಆದರೆ ಊರಿನ ಕಾಳು ಧಣಿಯ ಜಗಲಿಯಿಂದ ಅವನ ದಯೆಯಾಗಿ ಬರುತ್ತಿದ್ದ ಕಾಲ ನೆನಪಿರಲಿ. ಮನೆಯಲ್ಲಿ ತಿಂಗಳ ಅಕ್ಕಿ ಇದ್ದವಳು ಕಡಿಮೆ ಕೂಲಿಗೆ 'ಬರಲ್ಲ' ಅನ್ನಬಲ್ಲಳು. ಹತ್ತಿರದ್ದೆಲ್ಲ ನ್ಯಾಯ, ದೂರದ್ದೆಲ್ಲ ಅನ್ಯಾಯ ಅಂತ ಹೇಳೋಕಾಗಲ್ಲ.

ಇವತ್ತು ಊರವರೂ ಕೇರಿಯವರೂ ಒಂದೇ ಪಾತ್ರೆಯಿಂದ ಉಣ್ಣಬೇಕಾದ ಜಾಗ ಅಂದರೆ ಶಾಲೆ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರಲ್ಲಿ ಆದೇಶಿಸಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಆದಿವಾಸಿಗಳಿಗೆ ಆದ್ಯತೆ ಕೊಡಿ ಎಂದು 2004ರಲ್ಲಿ ಹೇಳಿತು. ಅಷ್ಟಾದರೂ ದಲಿತ ಹೆಂಗಸು ಸೌಟು ಹಿಡಿದಳೆಂದು ಮಕ್ಕಳನ್ನು ಊಟಕ್ಕೆ ಕೂರಿಸದ ಊರುಗಳ ಸುದ್ದಿ ನಿಂತಿಲ್ಲ. ಅವಳು ಅದೇ ಊರಿನವಳು. ಆ ಮಗುವಿನ ಅಪ್ಪನ ಹೊಲದಲ್ಲಿ ನಿನ್ನೆ ಕಳೆ ಕಿತ್ತವಳೂ ಇರಬಹುದು. ಊರಿನದೇ ಬೇಕು ಅನ್ನುವವರಿಗೆ ಇವಳಿಗಿಂತ ಊರಿನವರು ಎಲ್ಲಿ ಸಿಗ್ತಾರೆ?

ಮಕ್ಕಳಿಗೆ ಬಡಿಸುವ ಮೊದಲು ಮೇಷ್ಟ್ರೊಬ್ಬರು ರುಚಿ ನೋಡಬೇಕು ಅಂತ ನಿಯಮವಿದೆ. ಈ ಪತ್ರಿಕೆ ಓದುವ ಮೇಷ್ಟ್ರುಗಳೇ, ಮೇಡಮ್ಮುಗಳೇ, ರುಚಿ ನೋಡೋದು ಒಂದು ಚಮಚದ ಕೆಲಸ. ಆಮೇಲೆ ನೀವು ಮಕ್ಕಳ ಸಾಲಿನಲ್ಲಿ ತಟ್ಟೆ ಹಿಡಿದು ಕೂರುತ್ತೀರೋ, ಇಲ್ಲಾ ಆಫೀಸು ಕೋಣೆಗೆ ಹೋಗಿ ಮನೆಯಿಂದ ತಂದ ಡಬ್ಬಿ ಬಿಚ್ಚುತ್ತೀರೋ? ಮಕ್ಕಳು ನೋಡ್ತಾ ಇದ್ದಾರೆ.