ಕೆಮ್ಮುವ ಮಗು ಮತ್ತು ಊರ ಕೆರೆ

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನಮ್ಮವರು ಸಾಮಾನ್ಯವಾಗಿ ಹೇಳುವ ದೂರೊಂದಿದೆ. ಮಗುವಿಗೆ ಮೂರು ದಿನದಿಂದ ಜ್ವರ, ಕೆಮ್ಮು. ಜಿ.ಪಿ.ಯ ಬಳಿ ಕರೆದುಕೊಂಡು ಹೋದರೆ ಎದೆಗೆ ಸ್ಟೆತಾಸ್ಕೋಪು ಇಟ್ಟು ನೋಡಿ, "ವೈರಸ್ ಇರಬೇಕು, ಪ್ಯಾರಸಿಟಮಾಲ್ ಕೊಡಿ, ನೀರು ಕುಡಿಸುತ್ತಿರಿ" ಎಂದು ವಾಪಸು ಕಳಿಸುತ್ತಾರೆ. "ನಮ್ಮೂರಾಗಿದ್ದರೆ ಡಾಕ್ಟರು ತಕ್ಷಣ ಆ್ಯಂಟಿಬಯಾಟಿಕ್ ಬರೆದುಕೊಡುತ್ತಿದ್ದರು" ಎಂದು ಗೊಣಗುತ್ತಾ ಮನೆಗೆ ಬರುತ್ತೇವೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಹಪ್ಪಳ, ಸಂಡಿಗೆ, ಚಟ್ನಿಪುಡಿಗಳ ಜೊತೆಗೆ ಎರಡು ಸ್ಟ್ರಿಪ್ ಅಮಾಕ್ಸಿಸಿಲಿನ್ ಕೂಡ ಸೂಟ್‌ಕೇಸು ಸೇರುತ್ತದೆ.

ನಮ್ಮ ಸಂಘದಲ್ಲಿ ವೈದ್ಯರಿಗೇನೂ ಕೊರತೆಯಿಲ್ಲ. ಚಿಕಿತ್ಸೆಯ ವಿಚಾರವನ್ನು ಅವರಿಗೇ ಬಿಟ್ಟು ನಾನಿಲ್ಲಿ ಕೇಳಹೊರಟಿರುವುದು ಧರ್ಮಾಧರ್ಮದ ಪ್ರಶ್ನೆ. ಆ ಸ್ಟ್ರಿಪ್ಪನ್ನು ತರುವ ತಾಯಿ ತಪ್ಪು ಮಾಡುತ್ತಿದ್ದಾಳೆಯೆ? ಔಷಧ ಕೊಡದ ವೈದ್ಯರು ಯಾರೋ ಕಾಣದವರ ಹಿತಕ್ಕಾಗಿ ನನ್ನ ಮಗುವನ್ನು ಪಣಕ್ಕಿಡುತ್ತಿದ್ದಾರೆಯೆ?

1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರ ಡಿಸೆಂಬರಿನಲ್ಲಿ ತಮ್ಮ ನೊಬೆಲ್ ಉಪನ್ಯಾಸದ ಕೊನೆಗೆ ಒಂದು ಕಲ್ಪಿತ ಕಥೆ ಹೇಳಿದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ಸಾಕಷ್ಟಲ್ಲದ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾನೆ. ರೋಗಾಣು ಸಾಯುವುದಿಲ್ಲ, ಔಷಧವನ್ನು ಎದುರಿಸುವುದನ್ನು ಕಲಿಯುತ್ತದೆ. ಅದೇ ಸೋಂಕು ಹೆಂಡತಿಗೆ ತಗುಲಿ ನ್ಯುಮೋನಿಯಾ ಆಗುತ್ತದೆ. ಈಗ ಪೆನಿಸಿಲಿನ್ ಕೆಲಸ ಮಾಡುವುದಿಲ್ಲ, ಆಕೆ ಸಾಯುತ್ತಾಳೆ. ಈ ಸಾವಿಗೆ ಹೊಣೆ ಯಾರು ಎಂದು ಫ್ಲೆಮಿಂಗ್ ಕೇಳಿದರು. ಗಂಡನೇ ಎಂದು ಉತ್ತರವನ್ನೂ ಕೊಟ್ಟರು. ಅವನು ಹೆಂಡತಿಗೆ ಕೇಡು ಬಗೆದವನಲ್ಲ, ತನ್ನ ನೋವಿಗೆ ಮದ್ದು ಹುಡುಕಿದವನು ಅಷ್ಟೆ. ಆದರೂ ಹೊಣೆ ತಪ್ಪಲಿಲ್ಲ. ಅಂದು ಕಥೆಯಾಗಿದ್ದುದು ಮುಂದೆ ನಿಜವೂ ಆಯಿತು. 1977ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ, ನ್ಯುಮೋನಿಯಾ ತರುವ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯ ಪೆನಿಸಿಲಿನ್ನಿಗೆ ಬಗ್ಗದಿದ್ದುದು ಮಕ್ಕಳಲ್ಲಿ ಕಂಡುಬಂತು.

ನಾನು ಬಿ.ಪಿ. ಮಾತ್ರೆ ನುಂಗಿದರೆ ಪಕ್ಕದ ಮನೆಯವರ ಬಿ.ಪಿ. ಮಾತ್ರೆಯ ಶಕ್ತಿ ಕುಂದುವುದಿಲ್ಲ. ಆ್ಯಂಟಿಬಯಾಟಿಕ್ ಹಾಗಲ್ಲ. ಅದು ಊರ ಕೆರೆಯ ನೀರಿನಂತೆ. ನಮ್ಮ ಹಳ್ಳಿಗಳಲ್ಲಿ ತೂಬು ಎತ್ತುವ ಅಧಿಕಾರ ನೀರುಗಂಟಿಗೆ ಮಾತ್ರ ಇರುತ್ತಿತ್ತು. ತೂಬಿನ ಹತ್ತಿರದ ಗದ್ದೆಯವನು ತನಗೆ ಬೇಕೆನಿಸಿದಾಗಲೆಲ್ಲ ನೀರು ತಿರುಗಿಸಿಕೊಂಡರೆ ಅಚ್ಚುಕಟ್ಟಿನ ಕೊನೆಯ ಗದ್ದೆ ಒಣಗುತ್ತದೆ. ಅವನ ಗದ್ದೆಗೆ ಆ ನೀರು ಬೇಕೇ ಇರಲಿಲ್ಲವಾದರೆ ಅನ್ಯಾಯ ಇನ್ನೂ ದೊಡ್ಡದು.

ಹಾಗಾದರೆ ಔಷಧವನ್ನು ಬಿಗಿಹಿಡಿಯುವುದೇ ಧರ್ಮವೆ? ಅಲ್ಲೇ ಪ್ರಶ್ನೆ ಕಠಿಣವಾಗುವುದು. 2019ರಲ್ಲಿ ಪ್ರಪಂಚದಲ್ಲಿ ಐದು ವರ್ಷದೊಳಗಿನ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ನ್ಯುಮೋನಿಯಾದಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನ್ಯುಮೋನಿಯಾ ಆದ ಮಕ್ಕಳಲ್ಲಿ ಬೇಕಾದ ಆ್ಯಂಟಿಬಯಾಟಿಕ್ ಸಿಗುವುದು ಮೂರರಲ್ಲೊಂದು ಪಾಲಿಗೆ ಮಾತ್ರ. ಕೊನೆಯ ಗದ್ದೆಗೆ ನೀರು ಹರಿದೇ ಇಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಹಳ್ಳಿಯ ಕಾರ್ಯಕರ್ತರಿಗೆ ಮಗುವಿನ ಉಸಿರು ಎಣಿಸಲು ಕಲಿಸಿ, ಕೈಗೆ ಔಷಧ ಕೊಟ್ಟರು. ಒಂದು ವರ್ಷ ತುಂಬದ ಎರಡು ತಿಂಗಳು ಮೀರಿದ ಮಗು ನಿಮಿಷಕ್ಕೆ 50, ಅದಕ್ಕೆ ದೊಡ್ಡ ಮಗು 40 ಸಲ ಅಥವಾ ಅದಕ್ಕೂ ಹೆಚ್ಚು ಉಸಿರಾಡಿದರೆ ಅದು ಎಚ್ಚರಿಕೆಯ ಗಂಟೆ. 1990ರಲ್ಲಿ ಅವರ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಕೆಲಸ ಮಾಡಿದ ಹಳ್ಳಿಗಳಲ್ಲಿ ನ್ಯುಮೋನಿಯಾ ಸಾವು, ಹೋಲಿಕೆಗೆ ಆರಿಸಿಕೊಂಡ ಹಳ್ಳಿಗಳಿಗಿಂತ ಅರ್ಧಕ್ಕೂ ಕಡಿಮೆ. ಆ ಹಳ್ಳಿಗಳಲ್ಲಿ ನಿಂತು ಮಿತವ್ಯಯದ ಉಪದೇಶ ಮಾಡುವ ಧೈರ್ಯ ಯಾರಿಗಿದೆ?

2020ರಲ್ಲಿ ಪ್ರಕಟವಾದ ಕರಾಚಿಯ ಬಡ ಬಡಾವಣೆಗಳ ಅಧ್ಯಯನವೊಂದು ನನ್ನನ್ನು ಬಹಳ ಕಾಡಿದೆ. ಉಸಿರಾಟ ಮಾತ್ರ ವೇಗವಾಗಿದ್ದು ಬೇರೆ ಅಪಾಯದ ಲಕ್ಷಣಗಳಿಲ್ಲದ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಅಮಾಕ್ಸಿಸಿಲಿನ್, ಉಳಿದರ್ಧಕ್ಕೆ ಔಷಧವಿಲ್ಲದ ಹುಸಿಮದ್ದು ಕೊಟ್ಟರು. ಔಷಧ ಪಡೆದವರಲ್ಲಿ ಶೇಕಡ 2.6, ಪಡೆಯದವರಲ್ಲಿ ಶೇಕಡ 4.9 ಮಕ್ಕಳಲ್ಲಿ ಚಿಕಿತ್ಸೆ ವಿಫಲವಾಯಿತು. ಎಂದರೆ ಒಂದು ಮಗುವಿನ ಕಾಯಿಲೆ ಬಿಗಡಾಯಿಸದಂತೆ ತಡೆಯಲು 44 ಮಕ್ಕಳಿಗೆ ಔಷಧ ಕೊಡಬೇಕು. ಉಳಿದ 43 ಮಕ್ಕಳು ಕುಡಿದ ಔಷಧ ಕೆರೆಗೆ ನಷ್ಟವೇ. ಆದರೆ ಆ ಒಂದು ಮಗು ಯಾವುದೆಂದು ಮುಂಚಿತವಾಗಿ ಯಾರಿಗೂ ಗೊತ್ತಿಲ್ಲ.

ಕೊಡಬೇಕೋ ಬೇಡವೋ? ಉತ್ತರ ಔಷಧದಲ್ಲಿಲ್ಲ, ಕಾಯುವ ಅನುಕೂಲದಲ್ಲಿದೆ ಎಂದು ನನ್ನ ಅಭಿಪ್ರಾಯ. ಇಲ್ಲಿ ರಾತ್ರಿ ಎರಡು ಗಂಟೆಗೆ ಮಗುವಿನ ಪಕ್ಕೆ ಒಳಸೇದಿದರೆ 999ಕ್ಕೆ ಫೋನು ಮಾಡುತ್ತೇವೆ, ಆಂಬುಲೆನ್ಸು ಬರುತ್ತದೆ, ಹಣ ಕೇಳುವುದಿಲ್ಲ. ನಮಗೆ "ಎರಡು ದಿನ ನೋಡೋಣ" ಎನ್ನುವುದರ ಬೆಲೆ ಎರಡು ರಾತ್ರಿಯ ನಿದ್ದೆ. ಕೂಲಿ ಬಿಟ್ಟು, ಸಾಲ ಮಾಡಿ, ಬಸ್ಸು ಹತ್ತಿ ಬಂದ ತಾಯಿಗೆ ಅದೇ ಮಾತಿನ ಬೆಲೆ ಮಗುವಿನ ಜೀವವಾಗಬಹುದು. ಆಕೆಗೆ ಔಷಧ ಕೊಟ್ಟು ಕಳಿಸುವುದು ನ್ಯಾಯ. ಮರಳಿ ಬರಲು ಬಾಗಿಲು ತೆರೆದಿರುವ ನಾವು ಕಾಯುವುದೂ ನ್ಯಾಯ. ಸಂಯಮದ ಹೊರೆ, ಹೊರಬಲ್ಲವರ ಮೇಲೆ ಮೊದಲು ಬೀಳಬೇಕು.

"ನನ್ನ ಮಗು ಲೋಕಕಲ್ಯಾಣದ ಸಾಧನವಲ್ಲ" ಎಂದು ನೀವು ಆಕ್ಷೇಪಿಸಬಹುದು. ಮಾತು ಸರಿ. ಉಸಿರು ಕಟ್ಟುತ್ತಿರುವ, ಹಾಲು ಕುಡಿಯದ, ಮಂಕಾಗಿ ಮಲಗಿರುವ ಮಗುವಿನ ಎದುರು ಕೆರೆಯ ಲೆಕ್ಕ ತೆಗೆಯುವವನು ವೈದ್ಯನೇ ಅಲ್ಲ. ಬ್ಯಾಕ್ಟೀರಿಯದ ನ್ಯುಮೋನಿಯಾ ಎಂಬ ಅನುಮಾನ ಬಲವಾಗಿದ್ದರೆ ಇಲ್ಲಿಯ ವೈದ್ಯರೂ ತಡಮಾಡದೆ ಔಷಧ ಕೊಡುತ್ತಾರೆ. ನಾವು ಜಗಳವಾಡುವುದು ವೈರಸ್ಸಿನ ನೆಗಡಿ ಕೆಮ್ಮಿನ ವಿಷಯಕ್ಕೆ. ಅಲ್ಲಿ ಔಷಧದಿಂದ ಮಗುವಿಗೆ ಲಾಭವಿಲ್ಲ, ಭೇದಿಯೋ ಮೈಮೇಲೆ ದದ್ದೋ ಆಗುವ ಸಂಭವವುಂಟು. ನಾವು ಅಲ್ಲಿ ತ್ಯಾಗ ಮಾಡಬೇಕಾದದ್ದು ನಮ್ಮ ಸಮಾಧಾನವನ್ನೇ ಹೊರತು ಮಗುವಿನ ಆರೋಗ್ಯವನ್ನಲ್ಲ.

ಎಷ್ಟು ದಿನ ಕೊಡಬೇಕೆಂಬ ತಿಳುವಳಿಕೆಯೂ ಬದಲಾಗುತ್ತಿದೆ. ಬ್ರಿಟನ್ ಮತ್ತು ಐರ್ಲೆಂಡಿನ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮನೆಗೆ ಹೋಗುವಷ್ಟು ಚೇತರಿಸಿದ ಮಕ್ಕಳ ನ್ಯುಮೋನಿಯಾಕ್ಕೆ ಮೂರು ದಿನದ ಅಮಾಕ್ಸಿಸಿಲಿನ್ ಏಳು ದಿನದಷ್ಟೇ ಕೆಲಸ ಮಾಡಿತು. ಹಾಗೆಂದು ನಾವೇ ನಿಲ್ಲಿಸುವುದೂ ಬೇಡ, ನಾವೇ ಮುಂದುವರಿಸುವುದೂ ಬೇಡ. ತೂಬು ನೀರುಗಂಟಿಯ ಕೈಯಲ್ಲಿರಲಿ. ಭಾರತದಲ್ಲಿಯೂ ಕಾನೂನಿನ ಪ್ರಕಾರ ಈ ಔಷಧಕ್ಕೆ ವೈದ್ಯರ ಚೀಟಿ ಬೇಕು. ಅಂಗಡಿಯವನು ಕೇಳಲಿಲ್ಲವೆಂಬುದು ನಮಗೆ ನೆಪವಾಗಬಾರದು.

ಇದರ ಜೊತೆಗೆ ಕೆರೆಗೆ ನೀರು ತುಂಬುವ ಕೆಲಸವೂ ಇದೆ. ನ್ಯುಮೋಕಾಕಸ್ ಲಸಿಕೆ ಬ್ರಿಟನ್ನಿನಲ್ಲಿ 2006ರಿಂದ ಎಲ್ಲ ಶಿಶುಗಳಿಗೂ ಸಿಗುತ್ತಿದೆ. ಭಾರತದ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ 2017ರಲ್ಲಿ ಸೇರಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಕಾಯಿಲೆ ಬಾರದ ಮಗುವಿಗೆ ಔಷಧದ ಧರ್ಮಸಂಕಟವೇ ಇಲ್ಲ. ಊರಿಗೆ ಫೋನು ಮಾಡಿದಾಗ ತಂಗಿಯ ಮಗುವಿಗೆ ಈ ಲಸಿಕೆ ಆಯಿತೇ ಎಂದು ಒಂದು ಮಾತು ಕೇಳಿ. ಮುಂದಿನ ಪ್ರಯಾಣದಲ್ಲಿ ಸೂಟ್‌ಕೇಸಿನ ಆ ಮೂಲೆಗೆ ಇನ್ನೊಂದು ಪೊಟ್ಟಣ ಚಟ್ನಿಪುಡಿ ತುಂಬಿಕೊಳ್ಳಿ. ಇದನ್ನು ಒಪ್ಪದವರು, ಮುಖ್ಯವಾಗಿ ನಮ್ಮ ವೈದ್ಯ ಮಿತ್ರರು, ಮುಂದಿನ ಸಂಚಿಕೆಗೆ ಉತ್ತರ ಬರೆಯಬೇಕೆಂದು ವಿನಂತಿ.