ತೋರಿಸಿದ ಕಾಗದ

ಕಟಕೋಳಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆಯವರೊಡನೆ ಶಬರಿಕೊಳ್ಳಕ್ಕೆ ಹೊರಟಿದ್ದೆ. ರಾಮದುರ್ಗ ದಾಟಿ ಸುರೇಬಾನ ಬಂದಾಗ ಅವರು ಬಸ್ಸಿನ ಕಿಟಕಿಯಿಂದ ಕೈಮಾಡಿ, “ಇಲ್ಲೇ ನೋಡವಾ, ಮ್ಯಾನ್ಸನ್ ಸಾಹೇಬನ್ನ ಕಡದಿದ್ದು” ಎಂದರು, ಬೀಗರ ಮನೆ ತೋರಿಸುವಷ್ಟು ಸಹಜವಾಗಿ. ನಮ್ಮ ಕಡೆಯ ಜನರ ಗುಣವೇ ಹೀಗೆ. ಒಂದು ದಿಕ್ಕಿಗೆ ಕಿತ್ತೂರು, ಇನ್ನೊಂದು ದಿಕ್ಕಿಗೆ ನರಗುಂದ. ಇತಿಹಾಸವನ್ನು ಮನೆಮಾತಿನಂತೆ ಆಡುತ್ತಾರೆ.

ನಿಜಕ್ಕೂ ಅದು ಮನೆಯ ಮಾತೇ. 1824ರಲ್ಲಿ ಕಿತ್ತೂರಿನಲ್ಲಿ ಕಿಡಿ ಹೊತ್ತಿದ್ದು ದತ್ತಕದ ವಿಷಯಕ್ಕೆ. ನರಗುಂದದ ಬಾಬಾಸಾಹೇಬ ಭಾವೆಯವರಿಗೂ ಕಂಪನಿ ಸರಕಾರ ದತ್ತು ತೆಗೆದುಕೊಳ್ಳಗೊಡಲಿಲ್ಲ. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗಕ್ಕೆ ಬಂದ. ಅಲ್ಲಿಯ ಸಂಸ್ಥಾನಿಕರು ಬಾಬಾಸಾಹೇಬರ ಮಲಸಹೋದರರು. ಬಾಬಾಸಾಹೇಬರು ತಮಗೆ ಬರೆದಿದ್ದ ಗುಟ್ಟಿನ ಕಾಗದವನ್ನು ಅವರು ಸಾಹೇಬನಿಗೆ ತೋರಿಸಿದರು. ದಂಡಿಲ್ಲದೆ ಮುಂದೆ ಹೋಗಬೇಡಿ ಎಂದೂ ಹೇಳಿದರು. ಆತ ಕೇಳಲಿಲ್ಲ. 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ತಲೆ ಹೋಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲಾಯಿತು. ಅವರ ತಾಯಿ, ಹೆಂಡತಿ ಇಬ್ಬರೂ ಮಲಪ್ರಭೆಯ ಪಾಲಾದರು. ಆ ಹೆಣ್ಣುಮಕ್ಕಳ ಹೆಸರು ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ನರಗುಂದ ಸಂಸ್ಥಾನ ಮುಳುಗಿತು. ರಾಮದುರ್ಗದ್ದು 1948ರವರೆಗೆ ಉಳಿಯಿತು.

“ಹಂಗಾರ ರಾಮದುರ್ಗದಾಂವ ದ್ರೋಹಿ ಅಲ್ಲೇನ್ರಿ ಅತ್ತಿ?” ಎಂದೆ.

“ಆಂವ ಕೂಡಿಕೊಂಡಿದ್ರ ರಾಮದುರ್ಗಾನೂ ಹೋಗತಿತ್ತು. ಆ ಊರಾಗೂ ಹೆಣ್ಣಮಕ್ಕಳಿದ್ರಲ್ಲವಾ?”

ನಾನು ಸುಮ್ಮನಾದೆ. ಮದುವೆಗೆ ಮುಂಚೆ, ತಂಗಿ ನನ್ನೊಬ್ಬಳನ್ನೇ ನಂಬಿ ಬರೆದ ಕಾಗದವನ್ನು ನಾನು ಅಪ್ಪನ ಕೈಗೆ ಕೊಟ್ಟಿದ್ದೆ. ಮೆಚ್ಚಿದವನೊಡನೆ ಅವಳು ಹೊರಟುಹೋಗುವವಳಿದ್ದಳು. ಹದಿನೈದು ದಿನದೊಳಗೆ ಬೇರೆ ಕಡೆ ಅವಳ ಲಗ್ನವಾಯಿತು. ಮನೆತನದ ಮಾನ ಉಳಿಯಿತೆಂದು ಎಲ್ಲರೂ ನನ್ನನ್ನು ಹೊಗಳಿದರು. ಅವಳು ಮತ್ತೆ ನನಗೆ ಕಾಗದ ಬರೆಯಲಿಲ್ಲ.

ಅತ್ತೆಯವರ ಮಾತನ್ನು ಎಷ್ಟೋ ವರ್ಷ ಆಸರೆ ಮಾಡಿಕೊಂಡೆ. ಊರು ಉಳಿಯಬೇಕು, ಮನೆ ಉಳಿಯಬೇಕು. ಮನೆಗೆ ಬಂದವನ ಜೀವ ಉಳಿಸಲೆಂದೇ ಆ ದೊರೆ ಕಾಗದ ತೋರಿಸಿದ್ದರೆ ಅದನ್ನೂ ತೆಗೆದುಹಾಕಲಾರೆ. ಆದರೆ ಈಗೀಗ ಅನಿಸುತ್ತದೆ, ಅವರಿಗೆ ಇನ್ನೊಂದು ದಾರಿಯಿತ್ತು. ‘ನಾನು ಬರಲಾರೆ’ ಎಂದು ಉತ್ತರ ಬರೆದು, ಕಾಗದವನ್ನು ಒಲೆಗೆ ಹಾಕಬಹುದಿತ್ತು. ಕಾಗದ ತೋರಿಸದೆಯೂ ಸಾಹೇಬನಿಗೆ ಎಚ್ಚರಿಕೆ ಹೇಳಬಹುದಿತ್ತು. ನಮ್ಮ ಮನೆಯಲ್ಲಿಯೂ ಒಲೆ ಉರಿಯುತ್ತಲೇ ಇತ್ತು.

ಹೋದ ವರ್ಷ ಗೊಡಚಿ ಜಾತ್ರೆಯಲ್ಲಿ ತಂಗಿ ಸಿಕ್ಕಳು. ವೀರಭದ್ರನ ಗುಡಿಯ ಹೊರಗೆ ಬುತ್ತಿ ಬಿಚ್ಚಿ ಕುಳಿತೆವು. ಆ ಮಾತು ಇಂದು ಎತ್ತಲೇಬೇಕೆಂದುಕೊಂಡು ಬಾಯಿ ತೆರೆದೆ. “ಅಕ್ಕಾ, ಚಟ್ನಿ ಭಾಳ ಖಾರ ಆಗೇತಿ” ಎಂದಳು. ನೀರಿನ ತಂಬಿಗೆಯನ್ನು ಅವಳತ್ತ ಸರಿಸಿದೆ.