ತುಂಬಿಟ್ಟ ಬಂದೂಕು

ಈ ಸಲ ದಸರೆಗೆ ಮಗಳ ಮಗ ಹೈದರಾಬಾದಿನಿಂದ ನಮ್ಮೂರು ಮಸರಕಲ್ಲಿಗೆ ಬಂದಿದ್ದ. ಆಯುಧಪೂಜೆಯ ದಿನ ಕುಡ, ಕೊಡಲಿ, ಕುರ್ಪಿ, ಮೋಟರ್ ಸೈಕಲ್ಲು ಎಲ್ಲಕ್ಕೂ ವಿಭೂತಿ ಹಚ್ಚಿ, ಮೂಲೆಯಲ್ಲಿ ಒರಗಿಸಿಟ್ಟ ಉದ್ದನೆಯ ಕಬ್ಬಿಣದ ಸರಳಿಗೂ ಒಂದು ಹೂವಿಟ್ಟೆ. "ಇದೇನು ತಾತ?" ಅಂದ. ನಮ್ಮಪ್ಪನ ಬಂದೂಕಿನ ಗಜ ಅಂದೆ. ಹುಡುಗ ಕಾಲೇಜಿನಲ್ಲಿ ರೈಫಲ್ ಗುರಿ ಹೊಡೆಯುವುದನ್ನು ಕಲಿಯುತ್ತಿದ್ದಾನೆ. ಅಮೆರಿಕದಲ್ಲಿ ಜನ ಹೊಡೆದು ಖಾಲಿಯಾದ ಹಿತ್ತಾಳೆ ತೋಟಾಗಳನ್ನು ಎಸೆಯದೆ ಮನೆಯಲ್ಲೇ ಕೂತು ಮತ್ತೆ ತುಂಬಿಕೊಳ್ಳುತ್ತಾರೆ, ತನಗೂ ಅದನ್ನು ಕಲಿಯುವ ಆಸೆ ಎಂದ. "ತಪ್ಪೇನದ ತಾತ? ನಾ ಹೊಡಿಯೋದು ಕಾಗದಕ್ಕ. ಕಾಗದಕ್ಕ ಜೀವ ಎಲ್ಲದ?"

ಕಾನೂನಿನ ಉತ್ತರ ಸುಲಭ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಐದನೆಯ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸುವಂತಿಲ್ಲ. ಅಷ್ಟು ಹೇಳಿ ಅವನನ್ನು ಸುಮ್ಮನಿರಿಸಿದೆ. ಆದರೆ ಅವನು ಕೇಳಿದ್ದು ಅಪರಾಧ ಯಾವುದು ಎಂದಲ್ಲ, ತಪ್ಪು ಯಾವುದು ಎಂದು. ಹೊಡೆಯುವುದು ಬೇರೆ, ತುಂಬುವುದು ಬೇರೆಯೇ? ತುಂಬುವ ಕೈಗೆ ಪಾಪ ಅಂಟುತ್ತದೆಯೇ? ಅವನು ಊರಿಗೆ ಹೋಗಿ ತಿಂಗಳಾಯಿತು. ಈ ಪ್ರಶ್ನೆ ನನ್ನ ಮನೆಯಲ್ಲೇ ಉಳಿದಿದೆ.

ನಮ್ಮದು ಬೇಡ ನಾಯಕರ ಮನೆತನ. ಅಪ್ಪನ ಹತ್ತಿರ ಬೆಳೆ ಕಾಯಲು ಲೈಸೆನ್ಸ್ ಇದ್ದ ಒಂದು ಕೇಪಿನ ಬಂದೂಕಿತ್ತು. ಆಗ ನಮ್ಮ ಕಡೆ ಕಾಲುವೆ ನೀರು ಬಂದಿರಲಿಲ್ಲ. ಎರಿ ಹೊಲದ ಬಿಳಿಜೋಳವೇ ವರ್ಷದ ಊಟ. ತೆನೆ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಹಂದಿ ಬರುತ್ತಿದ್ದವು, ಚಿಗರಿ ಬರುತ್ತಿದ್ದವು. ಸಂಜೆ ಉಂಡು ಮಂಚಿಗೆಗೆ ಹೋಗುವ ಮೊದಲು ಅಪ್ಪ ಅಂಗಳದಲ್ಲಿ ಕೂತು ಬಂದೂಕು ತುಂಬುತ್ತಿದ್ದ. ದೀಪ ದೂರದಲ್ಲಿ, ಬೀಡಿ ಆರಿಸಿ. ಮೊದಲು ಅಳತೆಯಲ್ಲಿ ಮದ್ದು, ಅದರ ಮೇಲೆ ಬಟ್ಟೆಯ ಚಿಂದಿ, ಗಜದಿಂದ ನಿಧಾನಕ್ಕೆ ಜಡಿದು ಆಮೇಲೆ ಛರ್ರೆ, ಮತ್ತೆ ಚಿಂದಿ. ಕೇಪು ಮಾತ್ರ ಹೊಲ ಮುಟ್ಟಿದ ಮೇಲೆ. ಆ ಕೇಪಿನ ಡಬ್ಬಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದವನು ನಾನು. ಆ ಅರ್ಧ ಗಂಟೆ ಅಪ್ಪ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಜಗಲಿಯ ಮುಂದೆ ಪೂಜೆಗೆ ಕೂತಾಗಲೂ ಅವನ ಮುಖ ಅಷ್ಟು ಶಾಂತವಾಗಿರುತ್ತಿರಲಿಲ್ಲ. ಕೊಲ್ಲುವ ವಸ್ತುವನ್ನು ಸಿದ್ಧಮಾಡುವ ಕೆಲಸದಲ್ಲಿ ಅಷ್ಟು ಶಾಂತಿ ಹೇಗೆ ಇರಲು ಸಾಧ್ಯ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಸಿಟ್ಟಿನಲ್ಲಿ ಹೊಡೆದವನನ್ನು ಅರ್ಥಮಾಡಿಕೊಳ್ಳಬಹುದು. ತುಂಬುವವನಿಗೆ ಸಿಟ್ಟು ಇರುವುದಿಲ್ಲ. ಇದ್ದರೆ ಅಳತೆ ತಪ್ಪುತ್ತದೆ.

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು. ಇಂಥ ಪ್ರಶ್ನೆ ಬಂದಾಗ ನನ್ನ ಕೈ ಹೋಗುವುದು ಜೈನರ ಪುಸ್ತಕಗಳ ಕಡೆಗೆ, ಯಾಕೆಂದರೆ ಹಿಂಸೆಯನ್ನು ಅವರಷ್ಟು ಬಿಡಿಸಿ ಬಿಡಿಸಿ ನೋಡಿದವರು ಇನ್ನೊಬ್ಬರಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕೆಲಸಕ್ಕೆ ಮೂರು ಮೆಟ್ಟಿಲು ಹೇಳಿದೆ. ಮಾಡಬೇಕೆಂದು ಮನಸ್ಸು ಮಾಡುವುದು ಸಂರಂಭ, ಅದಕ್ಕೆ ಬೇಕಾದ ಸಾಧನ ಕೂಡಿಸುವುದು ಸಮಾರಂಭ, ಕೈ ಹಾಕುವುದು ಆರಂಭ. ಮದುವೆಯ ಕಾರ್ಡಿನ ಮೇಲೆ ನಾವು ಅಚ್ಚು ಹಾಕಿಸುವ ಸಮಾರಂಭ ಇದೇ ಶಬ್ದ! ಇದನ್ನು ಮೊದಲು ಓದಿದ ದಿನ ನನಗೆ ನೆನಪಾದದ್ದು ಅಪ್ಪ ಅಂಗಳದಲ್ಲಿ ಕೂತು ಗಜ ಜಡಿಯುತ್ತಿದ್ದ ಸಂಜೆ. ಈ ಮೂರು ಮೆಟ್ಟಿಲೂ ಮನಸ್ಸು, ಮಾತು, ಮೈಗಳಿಂದ ಆಗಬಹುದು. ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದವನಿಗೆ ಹೂಂ ಅಂದದ್ದು ಎಂದು ಮೂರು ಬಗೆ. ಹಿಂದೆ ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು ಕಾರಣ. ಗುಣಿಸಿದರೆ 108. ಜಪಮಾಲೆಯಲ್ಲಿ 108 ಮಣಿ ಇರುವುದು ಇದಕ್ಕೇ ಎನ್ನುವವರಿದ್ದಾರೆ. ಆ ಲೆಕ್ಕದಲ್ಲಿ ಕೇಪಿನ ಡಬ್ಬಿ ಹಿಡಿದು ಕೂತ ಹುಡುಗನಿಗೂ ಒಂದು ಮಣಿ ಇದೆ.

ಹಾಗಾದರೆ ಕಾಗದಕ್ಕೆ ಹೊಡೆಯುವವನ ಲೆಕ್ಕ ಏನು? ಇಲ್ಲಿ ಜನ್ನನನ್ನು ನೆನೆಯಲೇಬೇಕು. 1209ರಲ್ಲಿ ಅವನು ಬರೆದು ಮುಗಿಸಿದ ಯಶೋಧರಚರಿತೆಯಲ್ಲಿ ಅರಸ ಯಶೋಧರ ಜೀವ ಬಲಿ ಕೊಡಲು ಒಪ್ಪುವುದಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಮಾಡಿಸಿ ಕಡಿಯುತ್ತಾನೆ. ಹಿಟ್ಟಿಗೆ ಜೀವವಿಲ್ಲ. ಆದರೂ ತಾಯಿ ಮಗ ಇಬ್ಬರೂ ನಾಯಿ, ನವಿಲು ಎಂದು ಜನ್ಮದ ಮೇಲೆ ಜನ್ಮ ಅಲೆಯುತ್ತಾರೆ. ಗಿರೀಶ ಕಾರ್ನಾಡರು ಇದೇ ಕಥೆಯನ್ನು 'ಹಿಟ್ಟಿನ ಹುಂಜ' ಎಂದು ನಾಟಕ ಮಾಡಿದರು. ಇದನ್ನು ಪಾಠ ಮಾಡುವಾಗ ಪ್ರತಿ ವರ್ಷ ಒಬ್ಬ ಹುಡುಗನಾದರೂ ಎದ್ದು ನಿಂತು, ಇದು ಅನ್ಯಾಯ ಸರ್, ಹಿಟ್ಟು ಕಡಿದರೆ ಇಷ್ಟು ಶಿಕ್ಷೆಯೇ ಎಂದು ಕೇಳುತ್ತಿದ್ದ. ಕಡಿದದ್ದು ಹಿಟ್ಟನ್ನು, ಸಂಕಲ್ಪಿಸಿದ್ದು ಕೋಳಿಯನ್ನು ಎಂದು ನಾನು ಹೇಳುತ್ತಿದ್ದೆ. ಹಾಗಾಗಿ ಮೊಮ್ಮಗನ ಕಾಗದ ಮತ್ತು ಯಶೋಧರನ ಹಿಟ್ಟು ಒಂದೇ ಅಲ್ಲ. ಕಾಗದದ ಮೇಲಿನ ಕರಿ ಚುಕ್ಕೆಯಲ್ಲಿ ಅವನು ಯಾವ ಜೀವವನ್ನೂ ಕಾಣದಿದ್ದರೆ ಅವನ ಸಂಕಲ್ಪ ಶುದ್ಧವೇ. ಇಷ್ಟನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಸಂಕಲ್ಪ ಶುದ್ಧವಾಗಿದ್ದರೆ ಸಾಕು ಎನ್ನಲು ನನ್ನಿಂದ ಆಗದು. ಅದಕ್ಕೆ ಕಾರಣ ಪುಸ್ತಕದ್ದಲ್ಲ.

ಕೇಪಿನ ಬಂದೂಕಿನ ಗುಣ ಹೀಗಿರುತ್ತದೆ: ಒಮ್ಮೆ ತುಂಬಿದ ಮೇಲೆ ಅದನ್ನು ಬಿಚ್ಚಿ ತೆಗೆಯುವುದು ಬಲು ತಾಪತ್ರಯ. ಹಂದಿ ಬರಲಿ ಬಿಡಲಿ, ಬೆಳಗಾಗುವ ಹೊತ್ತಿಗೆ ಹೊಡೆದೇ ಖಾಲಿ ಮಾಡಬೇಕು. ತುಂಬಿದ ಬಂದೂಕು ಹೊಸ್ತಿಲು ದಾಟಬಾರದು ಎಂದು ಅವ್ವನ ಕಟ್ಟುನಿಟ್ಟು. ನನಗಾಗ ಹನ್ನೆರಡು ವರ್ಷ. ಒಂದು ಚಳಿಯ ಮುಂಜಾನೆ, ರಾತ್ರಿಯೆಲ್ಲ ಏನೂ ಬಾರದೆ, ಅಪ್ಪ ಮಂಚಿಗೆಯಿಂದ ಇಳಿದು ಎಂದಿನಂತೆ ಒಡ್ಡಿನ ಕಡೆ ತಿರುಗಿ ಹೊಡೆದ. ಒಡ್ಡಿನಂಚಿಗೆ, ಜಾಲಿಗಿಡದ ಬುಡದಲ್ಲಿ ನಮ್ಮ ನಾಯಿ ಕರಿಯಾ ಮುದುಡಿ ಮಲಗಿತ್ತು. ಒಮ್ಮೆ ಮಾತ್ರ ಕೂಗಿತು. ಅಪ್ಪ ಅದನ್ನು ಎತ್ತಿ ತಂದು, ಬಂದೂಕು ತುಂಬಿದ ಅದೇ ಕೈಗಳಿಂದ ಗುಂಡಿ ತೋಡಿ ಮುಚ್ಚಿದ. ದೊಡ್ಡಪ್ಪ ಬಂದು, ನೀನೇನು ಬೇಕಂತ ಹೊಡದಿಯೇನೋ, ಬಿಡು ಅಂದ. ಅಪ್ಪ ಅಂದದ್ದು: "ಹೊಡದದ್ದು ಗೊತ್ತಿರಲಿಲ್ಲ ಅನ್ನಬಹುದು. ತುಂಬಿದ್ದು ಗೊತ್ತಿತ್ತಲ್ಲ." ಆ ಸುಗ್ಗಿಯಲ್ಲಿ ಅವನು ಮತ್ತೆ ಬಂದೂಕು ಮುಟ್ಟಲಿಲ್ಲ. ಅರ್ಧ ಹೊಲ ಹಂದಿ ತಿಂದವು.

ಹಿಟ್ಟಿನ ಕೋಳಿಯಲ್ಲಿ ಸಂಕಲ್ಪವಿತ್ತು, ಜೀವವಿರಲಿಲ್ಲ. ಕರಿಯಾನ ಸಾವಿನಲ್ಲಿ ಜೀವ ಹೋಯಿತು, ಸಂಕಲ್ಪವಿರಲಿಲ್ಲ. ಇದಕ್ಕೂ ಉಮಾಸ್ವಾತಿಯಲ್ಲಿ ಹೆಸರಿದೆ: ಪ್ರಮಾದ, ಅಂದರೆ ಎಚ್ಚರ ತಪ್ಪುವುದು. ಮೈಮರೆವಿನಿಂದ ಪ್ರಾಣ ಹೋದರೆ ಅದನ್ನೂ ಅವನು ಹಿಂಸೆಯೆಂದೇ ಕರೆಯುತ್ತಾನೆ. ಒಂದು ಕೊಳವೆಯೊಳಗೆ ಮದ್ದು ಜಡಿದಿಟ್ಟ ಗಳಿಗೆಯಿಂದ ಅದು ಎಲ್ಲಿಗಾದರೂ ಹೋಗಲೇಬೇಕು. ಹೋಗುವವರೆಗೆ ತುಂಬಿದವನು ನಿದ್ದೆ ಮಾಡುವಂತಿಲ್ಲ. ನನ್ನ ದೃಷ್ಟಿಯಲ್ಲಿ ತುಂಬುವುದರ ಪಾಪವೆಂದರೆ ಇದೇ. ಮಾಡುವಾಗ ಅದು ಕಾಣುವುದಿಲ್ಲ, ಖಾಲಿಯಾಗುವ ತನಕ ಹೆಗಲ ಮೇಲಿರುತ್ತದೆ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸೆಯ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು ಹಿಂಸಾದಾನ ಎಂದು ಬೇರೆಯಾಗಿಯೇ ಎಣಿಸಿದ್ದಾರೆ. ಕೊಟ್ಟ ಮೇಲೆ ಅದು ಎಲ್ಲಿ ಖಾಲಿಯಾಯಿತೆಂದು ನೋಡಲು ನಾವು ಅಲ್ಲಿರುವುದಿಲ್ಲವಲ್ಲ.

ಆಯುಧವೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹೇಳಿದರೆ ನನ್ನ ಹಿರಿಯರಿಗೆ ದ್ರೋಹ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಿಸದೆ ಸತ್ತರು. ಅವರ ಲಾವಣಿಯನ್ನು ನಮ್ಮ ಮನೆಗಳಲ್ಲಿ ಕಣ್ಣೀರು ಹಾಕಿ ಕೇಳುತ್ತಾರೆ. ಮರುವರ್ಷವೇ ನಮ್ಮ ಪಕ್ಕದ ಸುರಪುರದ ರಾಜಾ ವೆಂಕಟಪ್ಪ ನಾಯಕ ಎದ್ದು ನಿಂತ. ತನ್ನನ್ನೂ ತನ್ನವರನ್ನೂ ಉಳಿಸಿಕೊಳ್ಳಲು ಮಾಡುವುದನ್ನು ಜೈನರೂ ವಿರೋಧಿ ಹಿಂಸೆ ಎಂದು ಬೇರೆ ಇಟ್ಟು, ಸಂಸಾರಿಗೆ ಅದನ್ನು ಪೂರ್ತಿ ನಿಷೇಧಿಸಲಿಲ್ಲ. ಜೋಳ ಕಾಯುತ್ತಿದ್ದ ಅಪ್ಪನೂ ಅದೇ ಸಾಲಿನವನು. ಕೇಳಬೇಕಾದದ್ದು ಆಯುಧ ಹಿಡಿದವನು ಇಡುವ ಲೆಕ್ಕ ಎಷ್ಟು ಪ್ರಾಮಾಣಿಕ ಎಂಬುದನ್ನು.

ಪ್ರಾಮಾಣಿಕ ಲೆಕ್ಕ ಎಂದಾಗ ನನಗೆ ಅಶೋಕ ನೆನಪಾಗುತ್ತಾನೆ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಅವನ ಶಾಸನವಿರುವ ಒಂದು ಬಂಡೆ ಇದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಕಂಡ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಖಚಿತವಾದದ್ದು ಆ ಬಂಡೆಯಿಂದ. ಅದೇ ಅಶೋಕ ಗಿರ್ನಾರ್ ಮೊದಲಾದ ಕಡೆ ಕೆತ್ತಿಸಿದ ಶಾಸನದಲ್ಲಿ ತನ್ನ ಅಡುಗೆಮನೆಯ ಲೆಕ್ಕ ಕೊಟ್ಟಿದ್ದಾನೆ: ಹಿಂದೆ ದಿನಕ್ಕೆ ಲೆಕ್ಕವಿಲ್ಲದಷ್ಟು ಪ್ರಾಣಿ, ಈಗ ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ದಿನಾ ಇಲ್ಲ, ಮುಂದೆ ಇವೂ ಇರುವುದಿಲ್ಲ. ಎಲ್ಲ ಬಿಟ್ಟೆ ಎಂದು ಸುಳ್ಳು ಹೇಳಲಿಲ್ಲ. ಉಳಿದ ಮೂರನ್ನೂ ಕಲ್ಲಿನ ಮೇಲೆ ಬರೆಸಿದ. ಚಕ್ರವರ್ತಿಯ ಈ ಲೆಕ್ಕ ನನಗೆ ಅವನ ಎಲ್ಲ ಧರ್ಮೋಪದೇಶಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಅಪ್ಪ ತೀರಿದ ಮೇಲೆ ಬಂದೂಕನ್ನು ಠಾಣೆಗೆ ಒಪ್ಪಿಸಿದೆ. ಒಪ್ಪಿಸುವ ಮೊದಲು ನಳಿಗೆಯೊಳಗೆ ಗಜ ಇಳಿಸಿ ನೋಡಿದೆ. ತಳ ಮುಟ್ಟಿತು, ಖಾಲಿ ಇತ್ತು. ಮೊಮ್ಮಗನಿಗೆ ಮೊನ್ನೆ ಫೋನಿನಲ್ಲಿ ಹೇಳಿದೆ: ಗುರಿ ಕಲಿ, ಚೆನ್ನಾಗಿ ಕಲಿ, ಮೈದಾನದಲ್ಲಿ ಎಣಿಸಿ ಕೊಟ್ಟ ಗುಂಡನ್ನು ಅಲ್ಲೇ ಹೊಡೆದು, ಅಲ್ಲೇ ಎಣಿಸಿ ಬಾ. ಮನೆಯಲ್ಲಿ ತುಂಬಿ ಇಡುವುದು ಮಾತ್ರ ಬೇಡ.

ಬೆಳೆ ಕಾಯಲು ಬಂದೂಕು ಇಟ್ಟುಕೊಂಡ ರೈತರು ನಮ್ಮ ಸುತ್ತ ಇನ್ನೂ ಇದ್ದಾರೆ. ಅವರಲ್ಲಿ ನನ್ನದೊಂದು ಕೇಳಿಕೆ. ಬೆಳಿಗ್ಗೆ ಖಾಲಿ ಮಾಡುವ ಮೊದಲು ಒಡ್ಡಿನ ತನಕ ನಡೆದು ಹೋಗಿ, ಆಚೆ ಈಚೆ ಏನು ಮಲಗಿದೆ ಎಂದು ನೋಡಿ ಬನ್ನಿ.